ಇಬ್ಬರು ಬೀಗತಿಯರ ಮೊಣಕಾಲು ನೋವು

ಸೃಷ್ಟಿ, ಸಮರ್ಥ, ಮೊದಲಿಗೆ ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಈಗಲೂ ನೆಲದ ಮೇಲೆ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿದು, ಕೈ ಊರದೆ ಮೇಲೇಳುತ್ತೇನೆ. ಕುಬಿಹಾಳದ ನಿಮ್ಮ ಆಯಿಯ ಮೊಣಕಾಲಂತೂ ನನ್ನವಕ್ಕಿಂತ ಗಟ್ಟಿ. ಹಾಗಿದ್ದೂ ನಿಮ್ಮ ಅವ್ವನನ್ನು ಹೆತ್ತ ನಾನು, ನಿಮ್ಮ ಅಪ್ಪನನ್ನು ಹೆತ್ತ ಆಯಿ, ಇಬ್ಬರೂ ಕೂಡಿ ತಿಂಗಳು ತಿಂಗಳು ಕಲಘಟಗಿಯ ಆಸ್ಪತ್ರೆಗೆ ಯಾಕೆ ಹೋಗುತ್ತೇವೆ ಎಂದು ನೀವು ಕೇಳಿದಿರಿ. ಎದುರಿಗೆ ಕುಳಿತು ಹೇಳಲು ನನಗೆ ನಾಚಿಕೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳಿವೆ, ಬರೆದೇ ಕೊಡುತ್ತೇನೆ.

ನಿಮ್ಮ ಆಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರೀರಿ, ಯಾರ ಬ್ಯಾಡ ಅಂತಾರ. ಆದ್ರ ಆ ಸೀರಿ ಮಾತು ಬರೀಬ್ಯಾಡ್ರಿ" ಎಂದರು. ಏನು ಮಾಡಲಿ, ಸೀರೆಯ ಮಾತು ಬಿಟ್ಟರೆ ಈ ಕಥೆ ಶುರುವಾಗುವುದೇ ಇಲ್ಲ.

ನಿಮ್ಮ ಶಲವಡಿ ಅಜ್ಜ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಳುವ ದಿನಗಳನ್ನು ಅತ್ತು ಮುಗಿಸಿದ್ದೆ. ನಿಮ್ಮ ಬಸಣ್ಣ ಮಾಮಾನಿಗೆ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ನಿಮ್ಮ ಅವ್ವ ರೇಖಾ ಕುಬಿಹಾಳದ ತುಂಬಿದ ಮನೆ ಸೇರಿದ್ದಳು. ಕೊರತೆ ಎನ್ನುವಂಥದ್ದು ಏನೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ನೋವಿಲ್ಲ, ಬಾವಿಲ್ಲ. ಹಿಟ್ಟು ಪರಾತದಲ್ಲಿತ್ತು, ಹಂಚು ಕಾದು ಹೊಗೆಯಾಡುತ್ತಿತ್ತು, ನಾನು ನೋಡುತ್ತ ಕುಳಿತಿದ್ದೆ. ಗೋಡೆಯ ಆಚೆಯಿಂದ ಬಾಜು ಮನೆಯಾಕೆ ಕೂಗಿದಳು, "ಯಾಕ ಬೇ ಶಾರದಕ್ಕಾ, ಇವತ್ತ ನಿಮ್ಮನಿ ರೊಟ್ಟಿ ಸಪ್ಪಳನ ಇಲ್ಲ?" ಅದಕ್ಕೆ ಉತ್ತರ ಕೊಡುವುದೂ ಭಾರವೆನಿಸಿತು.

ಮುಂದಿನ ತಿಂಗಳುಗಳು ಹಾಗೇ ಹೋದವು. ಅನ್ನಕ್ಕೂ ಮಣ್ಣಿಗೂ ರುಚಿಯಲ್ಲಿ ಭೇದವಿರಲಿಲ್ಲ. ತಲೆ ಬಾಚಿಕೊಳ್ಳುವುದು ಹೊಲ ಉಳುವಷ್ಟು ದೊಡ್ಡ ಕೆಲಸವಾಗಿತ್ತು. ಅಶಕ್ತತೆ ಎಂದು ಸಲಾಯಿನ್ ಹಚ್ಚಿಸಿದರು, ಕೆಂಪು ಟಾನಿಕ್ ಕುಡಿಸಿದರು. ನನ್ನ ನಾದಿನಿ ಬಂದು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು, ನಾನೊಬ್ಬಳು ಕೆಮ್ಮಲಿಲ್ಲ. "ನೋಡ್ರಿ, ಕೆಮ್ಮ ಬರಲಿಲ್ಲ. ಎಂಥಾ ದೃಷ್ಟಿ ಆಗಿರಬೇಕು!" ಎಂದು ಆಕೆ ಗದ್ದ ಹಿಡಿದುಕೊಂಡಳು. ನಿಜ ಹೇಳಬೇಕೆಂದರೆ ನನಗೆ ಕೆಮ್ಮಲೂ ಬೇಸರವಾಗಿತ್ತು.

ಕೊನೆಗೆ ಅಣ್ಣಿಗೇರಿಯ ಒಬ್ಬ ವಯಸ್ಸಾದ ಡಾಕ್ಟರು ನನ್ನನ್ನು ಬಹಳ ಹೊತ್ತು ಕೂಡಿಸಿಕೊಂಡು, "ಅಮ್ಮಾರ, ರಕ್ತದಾಗ ಏನೂ ಇಲ್ಲ. ಇದು ಮನಸ್ಸಿನ ಜಡ್ಡು. ಗುಳಿಗಿ ಅದಾವು, ಆರಾಮ ಆಗ್ತೀರಿ" ಎಂದರು. ಹೊರಗೆ ಬಂದವಳು ಮಗನ ತೋಳು ಹಿಡಿದೆ.

"ಬಸಣ್ಣಾ, ಬೀಗರಿಗೆ ಗೊತ್ತಾದ್ರ ರೇಖಾನ ಗತಿ ಏನಪಾ? ಹುಚ್ಚಿ ಮಗಳು ಅಂತಾರ ಅಕಿಗೆ."

"ಗೊತ್ತಾಗದಂಗ ಮಾಡೂಣು ಬಿಡು ಯವ್ವಾ."

ಹಾಗೆ ನಾವು ಊರು ಹುಡುಕಲು ಕುಳಿತೆವು. ನವಲಗುಂದ, ಅಣ್ಣಿಗೇರಿ ಬೇಡ, ನಮ್ಮ ಊರವರು ಸಿಗುತ್ತಾರೆ. ಕುಂದಗೋಳ ಬೇಡ, ಬೀಗರ ಊರವರು ಸಿಗುತ್ತಾರೆ. ಹುಬ್ಬಳ್ಳಿ, ಧಾರವಾಡದಲ್ಲಿ ಓಣಿಗೊಬ್ಬ ನೆಂಟ. ಉಳಿದದ್ದು ಕಲಘಟಗಿ. ಅಲ್ಲಿ ನಮ್ಮ ಗುರುತಿನ ಒಂದು ನಾಯಿಯೂ ಇರಲಿಲ್ಲ. ಮನಸ್ಸಿನ ಡಾಕ್ಟರು ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದರು. ಓಣಿಯಲ್ಲಿ ಕೇಳಿದವರಿಗೆ, ಮೊಣಕಾಲಿಗೆ ಅಲ್ಲಿ ಒಳ್ಳೆ ಎಣ್ಣೆ ಕೊಡುತ್ತಾರಂತೆ ಎಂದು ಹೇಳಿ ಬಸ್ಸು ಹತ್ತಿದೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ನಿಮ್ಮ ಮಾಮಾ ಚೀಟಿ ಮಾಡಿಸಿ ನನ್ನ ಕೈಗಿಟ್ಟು ಪೇಟೆಗೆ ಹೋದ. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕುಳಿತೆ. ಬಾಜುದಲ್ಲಿ ಇನ್ನೊಬ್ಬಾಕೆ ನನಗಿಂತಲೂ ಕೆಳಗೆ ಸೆರಗು ಎಳೆದುಕೊಂಡು ಕುಳಿತಿದ್ದರು. ಮುಖ ಕಾಣಲಿಲ್ಲ, ಸೀರೆ ಕಂಡಿತು. ಹಸಿರು ಒಡಲು, ಕೆಂಪು ಸೆರಗಿನ ಇಳಕಲ್ ಸೀರೆ. ಅಂಚಿನಲ್ಲಿ ಒಂದು ಎಳೆ ತಪ್ಪಿತ್ತು. ಆ ತಪ್ಪಿದ ಎಳೆಯ ಸಲುವಾಗಿ ನಾನು ಅಂಗಡಿಯವನ ಜೋಡಿ ಜಗಳ ಮಾಡಿದ್ದೆ. ರೇಖಾನ ಲಗ್ನದಲ್ಲಿ ಬೀಗತಿಗೆ ಆಯೇರಿ ಮಾಡಲೆಂದು ನಾನೇ ಆರಿಸಿ ತಂದ ಸೀರೆ ಅದು! ಲಗ್ನದ ಮನೆಯಲ್ಲಿ ನಿಮ್ಮ ಆಯಿ ಅದನ್ನು ಎರಡು ಬೆರಳಲ್ಲಿ ಹಿಡಿದು, "ಅಗದಿ ತೆಳ್ಳಗೈತಿ" ಎಂದು ಟ್ರಂಕಿಗೆ ಹಾಕಿದ್ದರು. ಎಂದೂ ಉಟ್ಟಿರಲಿಲ್ಲ. ಯಾರೂ ನೋಡದ ಸೀರೆ ಉಟ್ಟರೆ ಯಾರೂ ಗುರುತು ಹಿಡಿಯುವುದಿಲ್ಲವೆಂದು ಲೆಕ್ಕ ಹಾಕಿ ಆವತ್ತು ಹೊರಗೆ ತೆಗೆದಿದ್ದಾರೆ. ಇಡೀ ಜಿಲ್ಲೆಯಲ್ಲಿ ಆ ಸೀರೆಯ ಗುರುತು ಹಿಡಿಯಬಲ್ಲವಳು ಒಬ್ಬಳೇ, ಅವಳೇ ಅವರ ಬಾಜುದಲ್ಲಿ ಬಂದು ಕುಳಿತಿದ್ದಳು.

ನಾನು ಏಳಲು ಹೋದೆ. ಅಷ್ಟರಲ್ಲಿ ಅವರೂ ತಿರುಗಿದರು. ನಾಲ್ಕೂ ಕಣ್ಣು ಕೂಡಿದವು.

"ಬೀಗರ..." ಎಂದರು ಅವರು. "ಆರಾಮ್ರಿ?"

"ಆರಾಮ್ರಿ. ನೀವು?"

"ನಾನೂ ಅಗದಿ ಆರಾಮ್ರಿ."

ಮನಸ್ಸಿನ ಡಾಕ್ಟರ ಬಾಗಿಲ ಮುಂದೆ ಕುಳಿತು ಇಬ್ಬರೂ ಹೀಗೆ ಆರಾಮ ಹೇಳಿಕೊಂಡೆವು. ಅವರೇ ಕೇಳಿದರು, "ಮತ್ತ, ಇಲ್ಲೆ?"

"ಮೊಣಕಾಲ್ರಿ."

"ಹೌದ್ರಿ? ನನಗೂ ಮೊಣಕಾಲ ನೋಡ್ರಿ."

ಅಷ್ಟರಲ್ಲಿ ಸಿಸ್ಟರು ಬಂದು ಇಬ್ಬರ ಚೀಟಿಯನ್ನೂ ನೋಡಿ, "ಮನಸ್ಸಿನ ಡಾಕ್ಟರಿಗೆ ತೋರಿಸೋರು ಇಬ್ಬರೂ ಹಿಂಗ ಸರೀರಿ" ಎಂದು ಪಡಸಾಲೆಗೆಲ್ಲ ಕೇಳುವಂತೆ ಹೇಳಿದರು. ನಾವಿಬ್ಬರೂ ಸರಿದೆವು. ಮೊಣಕಾಲಿನ ಮಾತು ಅಲ್ಲಿಗೆ ಮುಗಿಯಿತು.

ಡಾಕ್ಟರನ್ನು ಕಂಡು ಬಂದ ಮೇಲೆ ನಿಮ್ಮ ಆಯಿ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು. ಕುಬಿಹಾಳದಲ್ಲಿ ಅವರ ದನಿ ಎಂದರೆ ಆಳುಗಳೆಲ್ಲ ನೆಟ್ಟಗಾಗುತ್ತಾರೆ. ಅಂದು ಆ ದನಿ ಸಣ್ಣಗಾಗಿತ್ತು. "ನೀವು ನನ್ನ ನೋಡಿಲ್ಲ. ನಾ ನಿಮ್ಮನ್ನ ನೋಡಿಲ್ಲ. ಹೌದಲ್ರಿ?" ನಾನು ತಲೆಯಾಡಿಸಿದೆ. ಬೀಗರಿಗೆ ಕೊಟ್ಟ ಮಾತು, ಅದು ಸಣ್ಣದಲ್ಲ.

ಅವರದು ನನ್ನಂಥ ಜಡ್ಡಲ್ಲ. ಅವರಿಗೆ ಅಂಜಿಕೆ. ಸುಮ್ಮನೆ ಕುಳಿತಾಗ ಎದೆ ಬಡಿದುಕೊಂಡು, ಬೆವರು ಕಿತ್ತು, ಈಗಿಂದೀಗ ಪ್ರಾಣ ಹೋಗುತ್ತದೆ ಎನ್ನಿಸುತ್ತಿತ್ತಂತೆ. ಆ ಅಂಜಿಕೆ ಹೊರಗೆ ಕಾಣಬಾರದೆಂದೇ ಅಷ್ಟು ಜೋರು ಮಾಡುತ್ತಿದ್ದರು. ಮನೆಯಲ್ಲಿ ಅದನ್ನು ಪಿತ್ತ ಎಂದು ತಿಳಿದಿದ್ದರು. ಮಿಶ್ರಿಕೋಟಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ ಎಂದು ಹೇಳಿ ಕಲಘಟಗಿಗೆ ಬರುತ್ತಿದ್ದರು.

ಒಬ್ಬರನ್ನೊಬ್ಬರು ನೋಡಿಲ್ಲ ಎಂದು ಮಾತಾಗಿದ್ದರೂ ಡಾಕ್ಟರು ಇಬ್ಬರಿಗೂ ಒಂದೇ ದಿನ ಬರಹೇಳುತ್ತಿದ್ದರು. ಎರಡನೆಯ ತಿಂಗಳು ಬೆಂಚಿನ ಎರಡು ತುದಿಗೆ ಕುಳಿತೆವು. ಮೂರನೆಯ ತಿಂಗಳು ನಡುವಿನವರು ಎದ್ದುಹೋದರು, ಸರಿದು ಕುಳಿತೆವು. ನಾಲ್ಕನೆಯ ತಿಂಗಳು ನಿಮ್ಮ ಆಯಿ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟು, "ತಿನ್ರಿ, ಗುಳಿಗಿ ಖಾಲಿ ಹೊಟ್ಟಿಗೆ ನಡಿಯಂಗಿಲ್ಲ" ಎಂದರು. ಆಗ ನಾನು ಒಂದು ಗೆಲುವಿನ ಸುದ್ದಿ ಹೇಳಿದೆ. ಹಿಂದಿನ ವಾರ ಪಲ್ಯ ಬಾಯಿಗಿಟ್ಟುಕೊಂಡಾಗ, ಎಷ್ಟೋ ತಿಂಗಳ ಮೇಲೆ, "ಖಾರ ಹೆಚ್ಚಾಗೇತಿ" ಎಂದುಬಿಟ್ಟಿದ್ದೆ. ನನ್ನ ಸೊಸೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿ ಗಂಡನಿಗೆ, "ಅತ್ತಿ ಬೈದ್ರು! ಅತ್ತಿ ಬೈದ್ರು!" ಎಂದು ಹೇಳಿ ಕುಣಿದಿದ್ದಳು. ನಿಮ್ಮ ಆಯಿ ನಕ್ಕರು. ನಗುತ್ತ ನಗುತ್ತ, "ನನ್ನ ಸೊಸಿ, ನಿಮ್ಮ ಮಗಳು, ನಾ ಬೈದ್ರ ಹಂಗ ಕುಣಿಯಂಗಿಲ್ಲ ನೋಡ್ರಿ" ಎಂದರು.

ಹೊಸದಾಗಿ ಬಂದವರು ಅಳುತ್ತ ಕುಳಿತರೆ ಸಿಸ್ಟರು ಅವರನ್ನು ನಮ್ಮ ಬಾಜು ಕೂಡಿಸತೊಡಗಿದರು. ಒಂದು ದಿನ ಅವರು ನನ್ನನ್ನು ಕರೆದು, ಗುಣವಾದವರನ್ನು ತಯಾರು ಮಾಡಿ ಹಳ್ಳಿ ಹಳ್ಳಿಗೆ ಕಳಿಸುವ ಕೆಲಸ ಶುರುವಾಗಿದೆ, ಜೊತೆಗಾರ್ತಿ ಎಂದು ಕರೆಯುತ್ತಾರೆ, ನೀವು ಸೇರಿರಿ ಎಂದರು. "ಡಾಕ್ಟರು ಹೇಳಿದ್ರ ಒಂದು. ಜಡ್ಡು ಬಿದ್ದು ಎದ್ದವರು ಹೇಳಿದ್ರ ಇನ್ನೊಂದು. ನೀವೂ ಗುಳಿಗಿ ತಗೊಂಡೀರಿ ಅಂತ ಅಷ್ಟ ಹೇಳಿದ್ರ ಸಾಕು."

ಅಷ್ಟೇ ಸಾಕಂತೆ! ನನಗೆ ಅದೇ ಗುಡ್ಡ. ನಿಮ್ಮ ಆಯಿಗೆ ಹೇಳಿದರೆ ಅವರ ಮುಖ ಬಿಳಚಿಕೊಂಡಿತು. "ನೀವು ಊರಾಗ ಹೇಳ್ಕೋತ ಅಡ್ಡಾಡಿದ್ರ ಕುಬಿಹಾಳಕ್ಕ ಸುದ್ದಿ ಬರಾಕ ಎಷ್ಟು ಹೊತ್ತ ಬೇಕ್ರಿ? ಇವತ್ತ ನಿಮ್ಮ ಹೆಸರು, ನಾಳಿ ನನ್ನ ಹೆಸರು." ನಾನು ಸಿಸ್ಟರಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ.

ಇದಾಗಿ ಕೆಲವು ತಿಂಗಳಿಗೆ ಮಿಶ್ರಿಕೋಟಿಯ ತಂಗಿ ಕುಬಿಹಾಳಕ್ಕೆ ಬಂದಳು. ತುಂಬಿದ ಪಡಸಾಲೆಯಲ್ಲಿ, "ಅಕ್ಕಾ, ನಮ್ಮನಿಗೆ ಬರೋದ ಬಿಟ್ಟಿ ನೋಡು. ವರ್ಷದ ಮ್ಯಾಲಾತು" ಎಂದಳು. ಪಾಪ, ಆಕೆಗೇನು ಗೊತ್ತು. ಹಾಗಾದರೆ ಈಕೆ ತಿಂಗಳು ತಿಂಗಳು ಎಲ್ಲಿಗೆ ಹೋಗುತ್ತಿದ್ದಳು ಎಂದು ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ನಿಮ್ಮ ಆಯಿ ಎದ್ದು ಅಡುಗೆಮನೆ ಸೇರಿದರು. ಅಂದಿನಿಂದ ಕಲಘಟಗಿಗೆ ಬರುವುದನ್ನೂ ಬಿಟ್ಟರು, ಗುಳಿಗೆಯನ್ನೂ ಬಿಟ್ಟರು.

ಮೂರು ತಿಂಗಳು ಬೆಂಚಿನ ಮೇಲೆ ನಾನೊಬ್ಬಳೇ. ಅಷ್ಟರಲ್ಲಿ ರೇಖಾನ ಫೋನು ಬಂತು.

"ಯವ್ವಾ, ನಮ್ಮತ್ತಿಯವರಿಗೆ ಏನೋ ಆಗೇತಿ ಬೇ. ಅಡಗಿಮನಿ ಬಿಟ್ಟು ಹೊರಗ ಬರವಲ್ರು. ಬಾಗಲಾ ಬಡಿದ್ರ ಬೆಚ್ಚಿ ಬೀಳ್ತಾರ. ಒಂದ ಹೊತ್ತು ಉಂಡ್ರ ಉಂಡ್ರು. ಮಂದಿ ಮಾತ ಬ್ಯಾರೆ. ನನಗ ಅಂಜಿಕಿ ಬಂದೈತಿ."

ಏನಾಗಿದೆ ಎಂದು ಈ ಭೂಮಿಯ ಮೇಲೆ ಬಲ್ಲವಳು ನಾನೊಬ್ಬಳು. ಹೇಳುವಂತಿಲ್ಲ, ಮಾತು ಕೊಟ್ಟಿದ್ದೇನೆ. ಸುಮ್ಮನಿರುವಂತಿಲ್ಲ, ಆ ಬೆವರು, ಆ ನಡುಕ ನನ್ನ ಕಣ್ಣಾರೆ ಕಂಡಿದ್ದೇನೆ. ಹೋಗಿ ಒಬ್ಬರೇ ಇದ್ದಾಗ ಮಾತಾಡಬೇಕು ಎಂದುಕೊಂಡೆ.

ಆದರೆ ಬೀಗರ ಮನೆಗೆ ಸುಮ್ಮನೆ ಹೋಗಲಾದೀತೇ? ಬುತ್ತಿ ಕಟ್ಟಿಕೊಂಡು ಹೋಗಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು, ಎಲ್ಲ ಬುಟ್ಟಿಯಲ್ಲಿಟ್ಟು ಬಿಳಿ ಅರಿವೆ ಕಟ್ಟಿ ಹೋದೆ. ಬುತ್ತಿ ಬಂತೆಂದರೆ ಮನೆಮಂದಿಯೆಲ್ಲ ಸುತ್ತ ಕೂಡುತ್ತಾರೆ. ಓಣಿಗೂ ಹಂಚಬೇಕು. ನಿಮ್ಮ ಆಯಿ ಬಾಗಿಲ ಮರೆಯಲ್ಲಿ ನಿಂತು, ಕಣ್ಣಿನಿಂದಲೇ ನನಗೆ ಬೇಡ ಬೇಡ ಎನ್ನುತ್ತಿದ್ದರು. ಮಾತಾಡದೆ ಮರಳಿ ಬಂದೆ. ಹತ್ತು ದಿನ ಬಿಟ್ಟು ಇನ್ನೊಂದು ಬುತ್ತಿ ಕಟ್ಟಿದೆ. ಆಗಲೂ ಅದೇ. ರೇಖಾ ನನ್ನನ್ನು ದನದ ಕೊಟ್ಟಿಗೆಗೆ ಎಳೆದೊಯ್ದು, "ಏನ್ ನಡಿಸಿ ಬೇ ನೀನು? ನನಗ ಇಲ್ಲಿ ಹೊಟ್ಟಿಗೆ ಹಾಕಂಗಿಲ್ಲ ಅಂತ ತಿಳಿದಿಯೇನು? ಮಂದಿ ನಗಾಕತ್ತಾರ!" ಎಂದು ಬೈದಳು.

ಮೂರನೆಯ ಬುತ್ತಿ ಇಳಿಸಿದಾಗ ಯಾರೂ ಅರಿವೆ ಬಿಚ್ಚಲಿಲ್ಲ. ನಿಮ್ಮ ಕುಬಿಹಾಳದ ಅಜ್ಜ ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತರು. ಎಲ್ಲರನ್ನೂ ಕರೆಸಿದರು.

"ಬೀಗರ, ತಿಂಗಳದಾಗ ಮೂರು ಬುತ್ತಿ ಬಂದುವು. ಹೆಣ್ಣಿನ ತಾಯಿ ಸುಮ್ಮ ಸುಮ್ಮನ ಹಿಂಗ ಬರಂಗಿಲ್ಲ. ನಮ್ಮಿಂದ ಏನರ ತಪ್ಪ ಆಗಿದ್ರ ಹೇಳಿಬಿಡ್ರಿ. ನಿಮ್ಮ ಮಗಳಿಗೆ ಯಾರ ಏನ ಅಂದಾರ?"

ಅಡುಗೆಮನೆಯ ಬಾಗಿಲಲ್ಲಿ ನಿಮ್ಮ ಆಯಿ ಕದ ಹಿಡಿದು ನಿಂತಿದ್ದರು. ಮೈ ನಡುಗುತ್ತಿದ್ದುದು ನನಗಷ್ಟೇ ಕಾಣುತ್ತಿತ್ತು. ಇವಳು ಈಗ ಹೇಳಿಬಿಡುತ್ತಾಳೆ ಎಂದು ಅವರಿಗೆ ಅಂಜಿಕೆ. ಮಕ್ಕಳೇ, ಗಂಡಸರ ಮುಂದೆ ನಾನು ಹುಟ್ಟಿದಾಗಿನಿಂದ ಹತ್ತು ಮಾತು ಒಟ್ಟಿಗೆ ಆಡಿದವಳಲ್ಲ. ಸೆರಗು ಸರಿಮಾಡಿಕೊಂಡೆ. ಅವರ ಗುಟ್ಟು ನನ್ನದಲ್ಲ. ನನ್ನದೊಂದು ಗುಟ್ಟಿತ್ತು.

"ನಿಮ್ಮಿಂದ ಏನೂ ತಪ್ಪಾಗಿಲ್ರಿ. ನನಗ ಮನಸ್ಸಿನ ಜಡ್ಡು ಐತ್ರಿ. ಎರಡ ವರ್ಷ ಆತು, ದಿನಾ ಗುಳಿಗಿ ತಗೋತೀನ್ರಿ. ತಿಂಗಳಿಗೊಮ್ಮೆ ಕಲಘಟಗಿ ದವಾಖಾನಿಗೆ ಹೋಗ್ತೀನ್ರಿ. ಈಗ ಆರಾಮ ಅದೀನಿ. ಆದ್ರ ಒಬ್ಬಾಕಿನ ಆ ಬೆಂಚಿನ ಮ್ಯಾಲೆ ಕುಂಡರಾಕ ನನಗ ಆಗವಲ್ದ್ರಿ. ಬೀಗತಿಯವರನ್ನ ನನ್ನ ಜೋಡಿ ಕಳಸ್ರಿ ಅಂತ ಕೇಳಾಕ ಬಂದಿದ್ದೆ. ಮೂರು ಸಲ ಬಂದೆ, ಬಾಯಿ ಏಳಲಿಲ್ಲ."

ರೇಖಾ ನನ್ನನ್ನೇ ನೋಡುತ್ತ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ನಿಮ್ಮ ಅಜ್ಜ ಬಹಳ ಹೊತ್ತು ಬುಟ್ಟಿಯನ್ನು ನೋಡಿದರು. ಆಮೇಲೆ, "ಇಷ್ಟ ಕೇಳಾಕ ಮೂರು ಬುತ್ತಿ ಬೇಕಾದುವೇನ್ರಿ?" ಎಂದು ತಾವೇ ಅರಿವೆ ಬಿಚ್ಚಿ ಒಂದು ಹೋಳಿಗೆ ಮುರಿದರು. "ಏ, ಕೇಳಿದಿಯೇನ? ಬೀಗರ ಜೋಡಿ ಹೋಗಿ ಬಾ. ಪಾಪ, ಒಬ್ಬಾಕಿ ಹೆಂಗ ಹೋಗ್ತಾಳ."

ನಿಮ್ಮ ಆಯಿ ಕದ ಬಿಟ್ಟರು. ತಲೆ ಎತ್ತಿದರು. ಹಳೆಯ ಜೋರು ದನಿ ಹೇಗೋ ಮರಳಿ ಬಂತು. "ಹೋಗೂಣು ಬಿಡ್ರಿ ಬೀಗರ. ನನಗ ಇಲ್ಲಿ ಕೆಲಸ ರಗಡ ಐತಿ, ಆದ್ರೂ ನಿಮ್ಮ ಸಲುವಾಗಿ ಬರ್ತೀನಿ!"

ನನ್ನ ಸಲುವಾಗಿ! ಅಲ್ಲೇ ನಗು ಬಂದುಬಿಡುತ್ತಿತ್ತು, ಸೆರಗಿನಲ್ಲಿ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ರೇಖಾ ಬಂದು ಅಪ್ಪಿಕೊಂಡಳು. ಮುಂದಿನ ವಾರ ಹುಬ್ಬಳ್ಳಿಯಿಂದ ಬಸ್ಸು ಹತ್ತಿದೆವು. ತುಂಬಿದ ಬಸ್ಸಿನಲ್ಲಿ ನಿಮ್ಮ ಆಯಿ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆಯ ಗುರುತು ಸಂಜೆಯವರೆಗೂ ಉಳಿದಿತ್ತು. ಕಲಘಟಗಿಯಲ್ಲಿ ಇಳಿದ ಮೇಲೆ, "ಎಣ್ಣೆಗಾಯಿಗೆ ಉಪ್ಪು ಕಡಿಮಿ ಆಗಿತ್ರಿ" ಎಂದರು. ಅದೇ ಅವರು ನನ್ನ ಉಪಕಾರ ನೆನೆದ ರೀತಿ.

ನನ್ನ ಮಟ್ಟಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ನಾನು ಸಿಸ್ಟರಿಗೆ ಹೂಂ ಎಂದೆ. ಮೂರು ದಿನ ಕೂಡಿಸಿಕೊಂಡು ಕಲಿಸಿದರು. ಬುದ್ಧಿ ಹೇಳಬೇಡಿ, ಕೇಳಿರಿ. ಯಾರಿಗೂ ನಿಮ್ಮ ಗುಳಿಗೆ ಕೊಡಬೇಡಿ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಒಯ್ಯಬೇಡಿ. ಮೈಕು ಹಿಡಿದು ಹೆಸರು ಹೇಳಿರಿ ಎಂದಾಗ ನನ್ನ ಬಾಯಿಂದ ಶಾರ ಎಂದಷ್ಟೇ ಹೊರಟಿತು, ದವ್ವ ಒಳಗೇ ಉಳಿಯಿತು. ಇಂಥವಳಿಂದ ಏನಾದೀತು ಎಂದುಕೊಂಡಿದ್ದೆ. ಆದರೆ ನನ್ನ ನಾಚಿಕೆಯೇ ಕೆಲಸಕ್ಕೆ ಬಂತು. ಒಂದು ಊರಲ್ಲಿ ಒಬ್ಬ ಹುಡುಗ ಖೋಲಿ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನನಗೂ ಮಾತು ಬಾರದು, ಅವನ ತಾಯಿಯ ಜೋಡಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತೆ. ಹಾಗೆ ನಾಲ್ಕು ವಾರ ಕುಳಿತೆ. ಐದನೆಯ ವಾರ ಬಾಗಿಲು ತುಸು ತೆರೆದು ಅವನೇ ಕೇಳಿದ, "ನೀವು ಯಾರ್ರಿ, ಏನೂ ಮಾತಾಡಂಗಿಲ್ಲ?" "ನಿನ್ನಂಗ ಒಬ್ಬಾಕಿ ಅದೀನಪಾ" ಎಂದೆ. ಅವನು ಈಗ ಗುಳಿಗೆ ತೆಗೆದುಕೊಳ್ಳುತ್ತಾನೆ, ನನಗಿಂತ ಬೇಗ ತೊಟ್ಟು ಮುರಿಯುತ್ತಾನೆ.

ಇತ್ತ ಕುಬಿಹಾಳದಲ್ಲಿ ಬೇರೆಯೇ ಆಯಿತು. ಬೀಗತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಪುಣ್ಯಾತ್ಮಳು ಎಂದು ನಿಮ್ಮ ಆಯಿಗೆ ಹೆಸರು ಬಂತು. ನಾಲ್ಕು ಮನೆಯವರು ಹಿತ್ತಲ ಬಾಗಿಲಿಂದ ಬಂದು, ನಮ್ಮವರನ್ನೂ ಕರೆದುಕೊಂಡು ಹೋಗಿರೆಂದರು. ಹೀಗೆ ತಾವು ಯಾವ ಜಡ್ಡನ್ನೂ ಒಪ್ಪಿಕೊಳ್ಳದೆ ಅವರು ನನಗಿಂತ ದೊಡ್ಡ ಜೊತೆಗಾರ್ತಿಯಾದರು. ತಮ್ಮ ಚೀಟಿಯನ್ನು ಮಾತ್ರ ನನ್ನ ಚೀಲದಲ್ಲಿ ಇಡುತ್ತಿದ್ದರು.

ಒಂದು ಸಲ ಒಬ್ಬ ಹಸಿ ಬಾಣಂತಿಯನ್ನು ಕರೆತಂದರು. ಅವಳನ್ನು ಮಂಜುಳಾ ಎನ್ನೋಣ, ಅದು ಅವಳ ಹೆಸರಲ್ಲ. ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಕೂಸು ಅವಳ ತಾಯಿಯ ತೊಡೆಯ ಮೇಲೆ ಅಳುತ್ತಿತ್ತು. ಸಿಸ್ಟರು ಹೆಸರು ಕೂಗಿದರು. ಮಂಜುಳಾ ಏಳಲಿಲ್ಲ. ಗುಳಿಗೆ ತೆಗೆದುಕೊಂಡರೆ ಹುಚ್ಚಿ ಎಂದು ತವರಿಗೆ ಅಟ್ಟುತ್ತಾರೆ, ನಾನು ಒಳಗೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ನಾನು ಎರಡು ಮಾತು ಹೇಳಿದೆ. ನಿಮ್ಮ ಆಯಿ ಹತ್ತು ಹೇಳಿದರು. ಅವಳು ನಿಮ್ಮ ಆಯಿಯ ಕಡೆ ತಿರುಗಿ ಸಿಟ್ಟಿನಿಂದ ಅಂದಳು:

"ನಿಮಗೇನ್ ತಿಳಿತೈತ್ರಿ ಆಯಿ? ನಿಮಗ ಜಡ್ಡಿಲ್ಲ ಜಾಪತ್ರಿಲ್ಲ. ಮಂದಿನ ಕರ್ಕೊಂಡು ಬಂದು ಪುಣ್ಯಾ ಕಟ್ಕೋತೀರಿ."

ನಿಮ್ಮ ಆಯಿಯ ಎದುರಿಗೆ ಕುಬಿಹಾಳದ ಸೊಸೆ, ಅವಳ ಬಾಜು ಬಾಣಂತನಕ್ಕೆ ಬಂದ ತಾಯಿ. ಇಲ್ಲಿ ಆಡಿದ ಮಾತು ಊರು ಮುಟ್ಟದೆ ಇರುವುದಿಲ್ಲ. ನಾನು ಅವರ ಮುಖ ನೋಡಲಿಲ್ಲ, ನೋಡಿದರೆ ಕೇಳಿದಂತಾಗುತ್ತದೆ ಎಂದು ನೆಲ ನೋಡುತ್ತ ಕುಳಿತೆ. ಕೂಸು ಇನ್ನೊಮ್ಮೆ ಅತ್ತಿತು. ನಿಮ್ಮ ಆಯಿ ನನ್ನ ಚೀಲಕ್ಕೆ ಕೈ ಹಾಕಿ ತಮ್ಮ ಚೀಟಿ ತೆಗೆದು ಮಂಜುಳಾನ ತೊಡೆಯ ಮೇಲಿಟ್ಟರು.

"ಓದಲೇ. ಹೆಸರು ಯಾರದೈತಿ? ಈ ಬೆಂಚಿನ ಮ್ಯಾಲೆ ನಾ ಮೂರು ವರ್ಷ ಕುಂತೀನಿ. ಎದಿ ಬಡ್ಕೊಂಡು ಸಾಯ್ತೀನಿ ಅಂತ ದಿನಾ ಅಂಜಿ ಸತ್ತಾಕಿ ನಾನು. ಗುಳಿಗಿ ಬಿಟ್ಟೂ ನೋಡೀನಿ, ಅದೂ ಗೊತ್ತೈತಿ. ನನ್ನ ಯಾರೂ ತವರಿಗೆ ಕಳಿಸಿಲ್ಲ. ನಿನ್ನ ಯಾರರ ಕಳಸ್ತೀನಿ ಅಂದ್ರ ನನ್ನ ಮನಿಗೆ ಕಳಸು ಅವರನ್ನ."

ಆ ಸುದ್ದಿ ಸಂಜೆಗೆ ಕುಬಿಹಾಳ ಮುಟ್ಟಿತು. ನಿಮ್ಮ ಅಜ್ಜ ಎಲ್ಲ ಕೇಳಿಕೊಂಡು, "ಗುಳಿಗಿ ಊಟದ ಮೊದಲೋ, ಆಮ್ಯಾಲೋ?" ಎಂದಷ್ಟೇ ಕೇಳಿದರಂತೆ. ಅಂದಿನಿಂದ ಊಟವಾದೊಡನೆ ನೀರಿನ ಚರಿಗೆ ಅವರೇ ತಂದಿಡುತ್ತಾರೆ. ನೀವು ನೋಡಿದ್ದೀರಿ, ಯಾಕೆಂದು ಗೊತ್ತಿರಲಿಲ್ಲ ಅಷ್ಟೇ.

ಆದರೆ ಅದು ಸಂಜೆಯ ಮಾತು. ಆ ಹೊತ್ತಿಗೆ ಬೆಂಚಿನ ಮೇಲೆ ಮಂಜುಳಾ ಚೀಟಿಯನ್ನು ಎರಡು ಸಲ ಓದಿದಳು. ಅವರನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾರ ನಿಮ್ಮಿಬ್ಬರೊಳಗ ಯಾರ ಯಾರನ್ನ ಕರ್ಕೊಂಡು ಬರ್ತೀರಿ?"

"ಇಕಿ ನನ್ನ ಕರ್ಕೊಂಡು ಬಂದಾಳ" ಎಂದರು ನಿಮ್ಮ ಆಯಿ.

"ಇಲ್ರಿ, ಅವರ ನನ್ನ ಕರ್ಕೊಂಡು ಬರ್ತಾರ" ಎಂದೆ ನಾನು.

"ಸುಳ್ಳ ಹೇಳಬ್ಯಾಡ್ರಿ ಬೀಗರ! ಬುತ್ತಿ ಹೊತ್ಕೊಂಡು ಬಂದವರು ಯಾರು?"

"ಬಸ್ಸಿನಾಗ ನನ್ನ ಕೈ ಹಿಡಿಯೋರು ಯಾರ್ರಿ?"

"ನೀವು ಬೀಳಬಾರದಂತ ಹಿಡಿದಿದ್ದೆ!"

ಸಿಸ್ಟರು ಇನ್ನೊಮ್ಮೆ ಹೆಸರು ಕೂಗಿದರು. ಮಂಜುಳಾ ಎದ್ದಳು. ಕೂಸನ್ನು ತಾಯಿಯ ತೊಡೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ನಾ ಒಬ್ಬಾಕಿನ ಒಳಗ ಹೋಗಿ ಬರ್ತೀನ್ರಿ" ಎಂದಳು. "ನೀವಿಬ್ಬರೂ ಇಲ್ಲೇ ಜಗಳಾಡ್ಕೋತ ಕುಂಡರ್ರಿ."